ಲಾಭ ಬಿಟ್ಟು ಎಣಿಸಿದ ಎಂಟು ಸಂಜೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ. ಹುಣಸೆ ಮರ, ಬಿಳಿ ಸೀರೆ, ಗೆಜ್ಜೆ ಸದ್ದು… ಅದೇ ಹಳಸಿದ ಅನ್ನಕ್ಕೆ ದಿನಕ್ಕೊಂದು ಒಗ್ಗರಣೆ. ನಾನು ಹೇಳುವುದರಲ್ಲಿ ಅವು ಯಾವುವೂ ಇಲ್ಲ. ನಡೆದದ್ದು ಮಾತ್ರ ಇದೆ. ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ಅಲ್ಲಿ ನನ್ನ ಜೊತೆ ಇನ್ನಿಬ್ಬರಿದ್ದರು. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಬೇಕಾದರೆ ಹೋಗಿ ಕೇಳಿ.

ನಾನು ಕೊಟ್ಟೂರಿನವನು, ಹೆಸರು ಕೊಟ್ರೇಶ. ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ಹದಿನೈದು ವರ್ಷ ಸರಕು ಹೇರಿಸುವ ಕೆಲಸ ಮಾಡಿ ಬಂದವನು. ಆಮೇಲೆ ನಮ್ಮ ಕಡೆಯೇ ಒಂದು ಸಣ್ಣ ಕಂಪನಿ ಹೂವಿನ ವಿಮಾನ ಶುರು ಮಾಡಿತು. ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ, ಒಳಗೆ ನಾಲ್ಕು ಕಿಲೋಮೀಟರ್, ಒಬ್ಬ ಗಣಿ ಮಾಲೀಕ ಹಿಂದೆ ತನ್ನ ಓಡಾಟಕ್ಕೆ ಮಾಡಿಸಿಕೊಂಡಿದ್ದ ರನ್‌ವೇ. ಸುತ್ತ ಜಾಲಿ, ನಡುವೆ ಡಾಂಬರು, ಒಂದು ತಗಡಿನ ಶೆಡ್ಡು. ಅಲ್ಲಿ ನಾನು ಲೋಡಿಂಗ್ ಸೂಪರ್‌ವೈಸರ್. ಅಂದರೆ ಆ ತಗಡಿನ ಶೆಡ್ಡಿಗೆ ನಾನೇ ಮಹಾರಾಜ.

ಕೆಲಸ ಇಷ್ಟೇ. ಹಡಗಲಿಯ ಮಲ್ಲಿಗೆ ಮೊಗ್ಗನ್ನು ಬೆಳಿಗ್ಗೆ ಕೊಯ್ದು, ಐಸ್ ಇಟ್ಟು ಥರ್ಮಾಕೋಲ್ ಪೆಟ್ಟಿಗೆಗೆ ತುಂಬಿ, ಸಂಜೆ ನಮ್ಮಲ್ಲಿಗೆ ತರುತ್ತಾರೆ. ಹಡಗಲಿಯದೊಂದು ಗಾಡಿ, ಹರಪನಹಳ್ಳಿಯದೊಂದು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರಿನದು ಒಂದೊಂದು. ಒಟ್ಟು ಐದು ಗಾಡಿ, ಐವರು ಏಜೆಂಟರು. ದೊಡ್ಡ ಊರಿನ ಮಾರುಕಟ್ಟೆಗೆ ಏಳೂವರೆಗೆ ವಿಮಾನ ಏಳಬೇಕು. ಒಂದೇ ಇಂಜಿನ್ನು, ಒಬ್ಬರೇ ಪೈಲಟ್.

ಪೈಲಟ್ ಸುಜಾತಾ, ಹರಪನಹಳ್ಳಿಯ ಹುಡುಗಿ. ಲೈನ್‌ಮನ್ ಒಬ್ಬರ ಮಗಳು. ನಾಲ್ಕು ವರ್ಷದ ಮಗುವನ್ನು ತಾಯಿಯ ಮನೆಯಲ್ಲಿ ಬಿಟ್ಟು ಈ ಕೆಲಸಕ್ಕೆ ಬಂದಿದ್ದಳು. ಅವಳು ನನಗೆ ಅಣ್ಣ ಅನ್ನುತ್ತಿದ್ದಳು, ನಾನು ಎದುರಿಗೆ ಮೇಡಂ ಅನ್ನುತ್ತಿದ್ದೆ. ಹಿಂದೆ ಏನೆನ್ನುತ್ತಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ.

ಸಣ್ಣ ವಿಮಾನ ಅಂದರೆ ತಕ್ಕಡಿ. ಭಾರ ಮಿತಿ ಮೀರಿದರೆ ಏಳುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಭಾರ ಬಾಲಕ್ಕೆ ಬಿದ್ದರೆ ಏಳುತ್ತದೆ. ಎದ್ದ ಮೇಲೆ ಮೂಗು ಮೇಲಕ್ಕೆ ಹೋದದ್ದು ಕೆಳಗೆ ಬರುವುದಿಲ್ಲ. ಕೊನೆಗೆ ಇಡೀ ವಿಮಾನವೇ ಕೆಳಗೆ ಬರುತ್ತದೆ. ಆದ್ದರಿಂದ ಎಷ್ಟು ಪೆಟ್ಟಿಗೆ, ಎಲ್ಲಿ ಇಟ್ಟಿದೆ ಎಂದು ಲೋಡ್ ಶೀಟಿನಲ್ಲಿ ಬರೆದು ನಾನು ಸಹಿ ಹಾಕಬೇಕು. ಪೈಲಟ್ ಆ ಹಾಳೆಯನ್ನು ನಂಬಿ ಹಾರುತ್ತಾಳೆ.

ತೂಗುವ ಕಾಟಾ ಕೆಟ್ಟು ತಿಂಗಳಾಗಿತ್ತು. ನಮ್ಮ ಮ್ಯಾನೇಜರ್ ಎಂಬ ಮಹಾನುಭಾವ ಊರಲ್ಲೇ ಕೂತು ಫೋನಿನಲ್ಲೇ ವಿಮಾನ ನಡೆಸುವವನು. "ಎಲ್ಲಾ ಪೆಟ್ಟಿಗೆ ಒಂದೇ ಅಳತೆ ಅಲ್ವೇನ್ರಿ? ತಲಾ ಇಪ್ಪತ್ತು ಕೆಜಿ ಅಂತ ಹಿಡಿದು ಗುಣಿಸಿ" ಎಂದ. ಗುಣಿಸಲು ನನಗೆ ಬರುತ್ತಿತ್ತು. ಎಣಿಸುವುದನ್ನು ಮಾತ್ರ ಮೈಲಾರಪ್ಪನಿಗೆ ಬಿಟ್ಟಿದ್ದೆ.

ಮೈಲಾರಪ್ಪ ಹಂಪಸಾಗರದ ಕಡೆಯವನು, ಅರವತ್ತು ದಾಟಿದ ಹಮಾಲಿ. ಕುರಿ ಕಾಯ್ದು, ಕಣದಲ್ಲಿ ರಾಶಿ ಅಳೆದು ಕೂದಲು ಬೆಳ್ಳಗಾದವನು. ಒಂದೊಂದು ಗಾಡಿ ಬಂದಾಗಲೂ ಅವನು ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಒಳಗೆ ಕೊಡುತ್ತ ಗಟ್ಟಿಯಾಗಿ ಎಣಿಸಬೇಕು, ನಾನು ಮೇಜಿನ ಮುಂದೆ ಕೂತು ಕೊನೆಯ ಸಂಖ್ಯೆ ಬರೆದುಕೊಳ್ಳಬೇಕು. ನಾನು ತಲೆ ಎತ್ತಿ ನೋಡುತ್ತಿರಲಿಲ್ಲ. ಎಣಿಕೆಗೆ ಕಿವಿ ಸಾಕು, ಹಮಾಲಿಯ ಮುಖ ಯಾಕೆ ಬೇಕು?

ಒಂದು ದಿನ ಕಂಪನಿಯಿಂದ ಯಾರೋ ಒಬ್ಬ ಕೋಟು ಹಾಕಿಕೊಂಡು ನೋಡಲು ಬಂದಿದ್ದ. ಮೈಲಾರಪ್ಪ ಎಂದಿನಂತೆ ಶುರು ಮಾಡಿದ.

"ಲಾಭ… ಎರಡು… ಮೂರು…"

ಕೋಟಿನವನು ನಕ್ಕ. ನನಗೆ ಮೈ ಉರಿಯಿತು.

"ಏನೋ ಅದು ಲಾಭ?"

"ಮೊದಲ್ನೇದಕ್ಕ ಒಂದು ಅನಬಾರದ್ರಿ ಸಾಹೇಬ್ರ. ರಾಶಿ ಅಳಿಯಾಗ ಲಾಭ ಅಂತೀವಲ್ರಿ… ಹಂಗ."

"ಲೇ, ಇದು ಜೋಳದ ರಾಶಿ ಅಲ್ಲ, ವಿಮಾನ. ಲಾಭ ಗೀಭ ಎಲ್ಲಾ ಬಿಡು. ಒಂದರಿಂದ ಎಣಿಸು."

"ಲಾಭ ಬಿಡ್ಲೇನ್ರಿ?"

"ಬಿಡು ಅಂದ್ನಲ್ಲ! ಕಿವಿ ಕೇಳಸಂಗಿಲ್ಲೇನು?"

"ಆತ್ರಿ."

ಕೋಟಿನವನ ಮುಂದೆ ನಾನು ಎದೆಯುಬ್ಬಿಸಿದೆ. ಹಳ್ಳಿಯವರಿಗೆ ಕಲಿಸುವುದು ಎಷ್ಟು ಕಷ್ಟ ನೋಡಿ ಎಂಬಂತೆ.

ಅವತ್ತಿನಿಂದ ಒಂದು ವಿಚಿತ್ರ ಶುರುವಾಯಿತು. ಏಜೆಂಟರ ಚೀಟಿಯಲ್ಲಿ ಹತ್ತು ಅಂತಿದ್ದರೆ ನಮ್ಮ ಎಣಿಕೆ ಒಂಬತ್ತು. ಹನ್ನೆರಡು ಅಂತಿದ್ದರೆ ಹನ್ನೊಂದು. ಐದೂ ಗಾಡಿಗೂ ದಿನವೂ ಹಾಗೆ. ನನಗೆ ಏನೂ ಅನ್ನಿಸಲಿಲ್ಲ. ಹೂವಿನ ಏಜೆಂಟರು ನನಗೆ ಗೊತ್ತಿಲ್ಲದವರೇ? ಒಂದು ಪೆಟ್ಟಿಗೆ ಹೆಚ್ಚು ಬರೆದು, ಆಮೇಲೆ ಕಳೆದುಹೋಯಿತು ಅಂತ ಎದೆ ಬಡಿದುಕೊಳ್ಳುವ ಜನ. ಕಳ್ಳರು. ಚೀಟಿಯ ಸಂಖ್ಯೆ ಹೊಡೆದು ನನ್ನ ಸಂಖ್ಯೆ ಬರೆದೆ.

ಅದೇ ವಾರದಿಂದ ಸುಜಾತಾಳದೂ ಒಂದು ರಾಗ.

"ಕೊಟ್ರೇಶಣ್ಣ, ಬಾಲ ಯಾಕೋ ಎಳೀತತೆ ನೋಡ್ರಿ. ಎದ್ದ ಮ್ಯಾಲೆ ಮೂಗು ಇಳ್ಸಾಕೆ ತ್ರಾಸು ಆಗ್ತತೆ."

"ಗಾಳಿ ಇರ್ಬೇಕು ಮೇಡಂ."

ಮನಸ್ಸಿನಲ್ಲಿ ಅಂದುಕೊಂಡದ್ದು ಬೇರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೀಗೆ ಎಂಟು ಸಂಜೆ ವಿಮಾನ ಹಾರಿತು. ಎಂಟು ಹಾಳೆಗೂ ನನ್ನ ಸಹಿ. ಆ ದಿನಗಳಲ್ಲಿ ಸರಕು ಕಡಿಮೆ ಇತ್ತು, ನಲವತ್ತು, ನಲವತ್ತೈದು ಪೆಟ್ಟಿಗೆ.

ಒಂಬತ್ತನೆಯ ಸಂಜೆ ಯುಗಾದಿ ಅಮಾವಾಸ್ಯೆ. ಅಮಾವಾಸ್ಯೆ ಅಂದ ಕೂಡಲೇ ಕಣ್ಣರಳಿಸಬೇಡಿ. ಮರುದಿನ ಹಬ್ಬ, ಆದ್ದರಿಂದ ಹೂವಿಗೆ ಬೇಡಿಕೆ, ಅಷ್ಟೇ. ಅವತ್ತು ವಿಮಾನದ ಪೂರ್ತಿ ಮಿತಿಯವರೆಗೆ ಹೇರಬೇಕಿತ್ತು. ಅರವತ್ತು ಪೆಟ್ಟಿಗೆ. ಒಂದೂ ಹೆಚ್ಚಾಗುವಂತಿಲ್ಲ. ಐದು ಚೀಟಿ ಕೂಡಿಸಿದರೆ ಅರವತ್ತೈದು ಬಂತು. ನಮ್ಮ ಎಣಿಕೆ ಸರಿಯಾಗಿ ಅರವತ್ತು. ಇಂಥ ಕಳ್ಳರ ನಡುವೆ ನಾನೊಬ್ಬ ಇರುವುದರಿಂದ ಲೋಕ ನಡೆದಿದೆ ಎಂದುಕೊಂಡೆ.

ಪೆಟ್ಟಿಗೆ ಜರುಗದಂತೆ ಮೇಲೆ ಬಲೆ ಎಳೆದು ಬಿಗಿದೆವು. ಬಾಗಿಲು ಹಾಕಿದೆವು. ಗಾಡಿಗಳು ಹೋದವು. ಉಳಿದ ಹಮಾಲಿಗಳು ಹಬ್ಬದ ಸಂತೆಗೆಂದು ಕೊನೆಯ ಗಾಡಿ ಹತ್ತಿ ಹೋದರು. ಮೈಲಾರಪ್ಪನೊಬ್ಬ ದೂರದ ಶೆಡ್ಡಿನ ದೀಪದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ವಿಮಾನದ ಆ ಕಡೆಯಿಂದ ಸುಜಾತಾ ಮಗುವಿನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು.

"ಬೆಳಿಗ್ಗೆ ಬರ್ತೀನಿ ಕಂದ… ನಾನೇ ಎಣ್ಣಿ ಹಚ್ತೀನಿ. ಅಜ್ಜಿ ಹತ್ರ ಹಟ ಮಾಡಬ್ಯಾಡ, ಹ್ಞೂಂ?"

ನಾನು ವಿಮಾನದ ರೆಕ್ಕೆಯ ಕೆಳಗೆ ನಿಂತು, ಹಾಳೆಯನ್ನು ಅಂಗೈ ಮೇಲಿಟ್ಟು ಸಹಿ ಹಾಕಲು ಪೆನ್ನು ತೆಗೆದೆ.

ಆಗ ಕೇಳಿಸಿತು.

"ಲಾ…ಭ."

ಆಮೇಲೆ ಥರ್ಮಾಕೋಲನ್ನು ಅಂಗೈಯಿಂದ ತಟ್ಟಿದ ಸದ್ದು. ಟಪ್.

"ಎರಡು." ಟಪ್. "ಮೂರು." ಟಪ್…

ಸದ್ದು ಬಂದದ್ದು ಮುಚ್ಚಿದ ಬಾಗಿಲ ಒಳಗಿನಿಂದ. ನನಗೆ ಮೊದಲು ಬಂದದ್ದು ಸಿಟ್ಟು. ಈ ಮುದುಕ ಒಳಗೇ ಸಿಕ್ಕಿಕೊಂಡನೇನೋ ಎಂದು ಬೈಯಲು ಬಾಯಿ ತೆರೆದೆ. ತಿರುಗಿ ನೋಡಿದರೆ ಶೆಡ್ಡಿನ ದೀಪದ ಕೆಳಗೆ ಮೈಲಾರಪ್ಪ ಲೋಟ ಹಿಡಿದು ಕೂತಿದ್ದಾನೆ. ಅವನ ತುಟಿ ಲೋಟದ ಮೇಲಿತ್ತು.

"ಹನ್ನೊಂದು." ಟಪ್. "ಹನ್ನೆರಡು." ಟಪ್.

ಗಂಡಸಿನ ದನಿಯೋ ಹೆಂಗಸಿನದೋ ಹೇಳಲಾರೆ. ಹೆದರಿಸುವ ದನಿ ಅಲ್ಲ. ಅವಸರವೂ ಇಲ್ಲ. ಕಣದಲ್ಲಿ ರಾಶಿ ಅಳೆಯುವವರು ರಾಗವಾಗಿ ಎಳೆಯುತ್ತಾರಲ್ಲ, ಹಾಗೆ. ಅದರ ಜೊತೆ ಒಂದು ವಾಸನೆ… ಮಲ್ಲಿಗೆಯದಲ್ಲ, ಹಸಿ ಗೋಣಿಯದಲ್ಲ. ತೂರುವಾಗ ಮೂಗಿಗೆ ಅಡರುವ ಜೋಳದ ಹೊಟ್ಟಿನ ವಾಸನೆ. ಆ ಡಾಂಬರಿನ ಮೇಲೆ, ಪೆಟ್ರೋಲಿನ ಘಾಟಿನ ನಡುವೆ.

ಎಣಿಕೆ ಮೂವತ್ತೆಂಟಕ್ಕೆ ಬಂದಾಗ ನಾನು ಹೋಗಿ ಬಾಗಿಲು ಎಳೆದೆ.

ದನಿ ನಿಂತಿತು. ಟಾರ್ಚ್ ಬಿಟ್ಟೆ. ಚಾವಣಿಯವರೆಗೆ ಪೆಟ್ಟಿಗೆ, ಅದರ ಮೇಲೆ ಬಿಗಿದ ಬಲೆ. ಮನುಷ್ಯ ಹಾಗಿರಲಿ, ಬೆಕ್ಕು ನುಸುಳಲೂ ಜಾಗವಿರಲಿಲ್ಲ. ಬಾಗಿಲು ಹಾಕಿದೆ. ಕೈ ಇನ್ನೂ ಹಿಡಿಯ ಮೇಲಿದ್ದಂತೆಯೇ ಒಳಗಿನಿಂದ, ನಿಂತಲ್ಲಿಂದಲೇ ಮುಂದುವರಿಯಿತು.

"ಮೂವತ್ತೊಂಬತ್ತು." ಟಪ್. "ನಲವತ್ತು." ಟಪ್.

ಹಿಡಿಯ ಮೇಲಿದ್ದ ನನ್ನ ಕೈಗೆ ಆ ತಟ್ಟು ತಾಗುತ್ತಿತ್ತು.

ಸುಜಾತಾ ಈ ಕಡೆ ಬಂದಳು. ಫೋನು ಇನ್ನೂ ಕೈಯಲ್ಲೇ ಇತ್ತು. ಅವಳು ಕತ್ತು ಓರೆ ಮಾಡಿ ಕೇಳಿದಳು, ಆಮೇಲೆ ಪಿಸುಗುಟ್ಟಿದಳು.

"ಅಣ್ಣ… ಒಳಗೆ ಯಾರದಾರೆ?"

"ಯಾರಿಲ್ಲ. ಇಲಿ ಇರ್ಬೇಕು."

"ಇಲಿ ಎಣಸ್ತತಾ?"

ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿ ನಿಂತೆವು. ಐವತ್ತೆಂಟು. ಐವತ್ತೊಂಬತ್ತು. ಅರವತ್ತು… ಇಲ್ಲಿ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿ ಎಂದು ಬೇಡಿಕೊಂಡೆ ಎಂದರೂ ಸರಿ.

"ಅರವತ್ತೊಂದು." ಟಪ್.

ಅರವತ್ತೈದಕ್ಕೆ ನಿಂತಿತು. ಕೊನೆಯ ಐದೂ ತಟ್ಟು ಬಂದದ್ದು ಬಾಲದ ತುದಿಯಿಂದ.

ಸುಜಾತಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಟಾರ್ಚಿನ ಬೆಳಕಲ್ಲಿ ಓದಿದಳು.

"ನೀವು ಅರವತ್ತು ಬರ್ದೀರಿ."

"ಅರವತ್ತೇ ಇರೋದು ಮೇಡಂ. ಏನೋ ಕೇಳಿಸ್ತು ಅಂತ…"

"ಇಳಿಸ್ರಿ."

"ಟೈಮ್ ಇಲ್ಲ. ಮ್ಯಾನೇಜರ್ ನನ್ನ ಚರ್ಮ ಸುಲೀತಾನ."

"ಅವರು ಬಂದು ಹಾರಿಸ್ತಾರಾ? ಹಾರ್ಸೋಳು ನಾನು. ಇಳಿಸ್ರಿ ಅಣ್ಣ, ಪೂರಾ ಇಳಿಸ್ರಿ."

ಮೈಲಾರಪ್ಪನನ್ನು ಕೂಗಿದೆ. ಮೂವರೂ ಸೇರಿ ಇಳಿಸಿದೆವು. ಬಯಲಿಗೆ ತಾಡಪಾಲು ಹಾಸಿ ಹತ್ತು ಹತ್ತರ ಸಾಲು ಜೋಡಿಸಿದೆವು. ಈ ಸಲ ನಾನೇ ಎಣಿಸಿದೆ, ಒಂದೊಂದನ್ನೂ ಮುಟ್ಟಿ. ಆರು ಸಾಲು ತುಂಬಿತು. ಏಳನೆಯ ಸಾಲಿನಲ್ಲಿ ಐದು ಪೆಟ್ಟಿಗೆ ಉಳಿದವು. ಅಂದರೆ ನೂರು ಕಿಲೋ, ಎಲ್ಲವೂ ಬಾಲದಲ್ಲಿ. ಮುಂದಿನ ಜಾಗ ಹಾಳೆಯ ಪ್ರಕಾರ ಮೊದಲೇ ತುಂಬಿದ್ದರಿಂದ ಮಿಕ್ಕಿದ್ದೆಲ್ಲ ಹಿಂದಕ್ಕೆ ಹೋಗಿ ಬಿದ್ದಿತ್ತು.

ಪೂರ್ತಿ ಹೇರಿದ ವಿಮಾನ, ಬಾಲದಲ್ಲಿ ಲೆಕ್ಕಕ್ಕೆ ಸಿಗದ ನೂರು ಕಿಲೋ. ಜಾಲಿ ಗಿಡ ದಾಟುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ನಾನು ಮೈಲಾರಪ್ಪನ ಮೇಲೆ ಹರಿಹಾಯ್ದೆ. ಬೇರೆ ಏನು ಬರುತ್ತಿತ್ತು ನನಗೆ?

"ಎಣಿಸಾಕ ಬರಂಗಿಲ್ಲೇನಲೇ ನಿನಗ? ಐದು ಬಾಕ್ಸ್ ಎಲ್ಲಿಂದ ಬಂದುವು?"

ಅವನು ಗಾಬರಿಯಿಂದ ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದ.

"ನೀವ ಹೇಳಿದ್ರಲ್ರಿ… ಲಾಭ ಬಿಡು, ಒಂದರಿಂದ ಎಣಿಸು ಅಂತ."

"ಹೌದು. ಅದಕ್ಕ?"

"ಬಿಟ್ಟೀನಲ್ರಿ. ಒಂದೊಂದು ಗಾಡ್ಯಾಗೂ ಮೊದಲ್ನೇದು ಲಾಭದ್ದು… ಅದನ್ನ ಸುಮ್ಮನ ಒಳಗ ಇಟ್ಟು, ಅದರ ಮುಂದಿಂದಕ್ಕ ಒಂದು ಅಂದೆ. ಲಾಭದ್ದು ನೀವ ಬರಕಂತೀರಿ ಅಂತ ತಿಳಕಂಡಿದ್ನಿರಿ."

ಸುಜಾತಾ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಇದು ಎಷ್ಟು ದಿನದಿಂದ ಹಿಂಗೆ ನಡದತೆ ಅಣ್ಣ?"

ಎಂಟು ಸಂಜೆ. ನನಗೆ ಗೊತ್ತಿತ್ತು. ಕೇಳುವ ಮೊದಲೇ ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು. ಎಂಟು ಸಂಜೆ ಐದೈದು ಪೆಟ್ಟಿಗೆ ಹೆಚ್ಚಿಗೆ ಹೊತ್ತು, ನನ್ನ ಸಹಿ ನಂಬಿಕೊಂಡು ಈ ಹುಡುಗಿ ಹಾರಿದ್ದಳು. ಬಾಲ ಎಳೆಯುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದಳು. ಇದು ಮೇಲಿನವರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತಿತ್ತು, ಮುಂದೆ ಯಾವ ನಿಲ್ದಾಣದ ಗೇಟಿನ ಒಳಗೂ ಬಿಡುತ್ತಿರಲಿಲ್ಲ.

"ಇವತ್ತೊಂದೇ ದಿನ ಮೇಡಂ" ಎಂದೆ.

ಮೈಲಾರಪ್ಪ ನೆಲ ನೋಡಿದ. ಅವನು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಂಥವರು ಹೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಮ್ಮಂಥವರು ಬದುಕುವುದು.

ವಿಮಾನದ ಬಾಗಿಲು ಹಾರುಹೊಡೆದಿತ್ತು. ಒಳಗೆ ಒಂದು ಪೆಟ್ಟಿಗೆಯೂ ಇರಲಿಲ್ಲ. ಬರೀ ತಗಡಿನ ನೆಲ, ಮಡಿಸಿಟ್ಟ ಬಲೆ, ಕತ್ತಲು. ಗಾಳಿಯೂ ಆಡುತ್ತಿರಲಿಲ್ಲ.

ಆ ಕತ್ತಲೊಳಗಿನಿಂದ…

"ಲಾ…ಭ."

ತಟ್ಟಲು ಪೆಟ್ಟಿಗೆ ಇರಲಿಲ್ಲ. ಆದರೂ ತಟ್ಟಿತು. ಬರಿ ತಗಡಿನ ಮೇಲೆ ಅಂಗೈ ಬಿದ್ದಂತೆ.

"ಎರಡು."

ಸುಜಾತಾ ನನ್ನ ತೋಳು ಹಿಡಿದುಕೊಂಡಳು. ಮೈಲಾರಪ್ಪ ತಲೆಗೆ ಸುತ್ತಿದ್ದ ಟವಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ, ದೊಡ್ಡವರು ಬಂದಾಗ ಮಾಡುವಂತೆ.

"ಮೂರು… ನಾಲ್ಕು…"

ಏನನ್ನು ಎಣಿಸುತ್ತಿದೆ ಎಂದು ನನಗೆ ಐದಕ್ಕೆ ಬರುವಷ್ಟರಲ್ಲಿ ತಿಳಿಯಿತು. ಸಾಕು ಎಂದು ಕೂಗಬೇಕೆನ್ನಿಸಿತು.

"ಆರು… ಏಳು…"

"ಎಂಟು."

ಅಷ್ಟೇ. ಕಾದೆವು. ಒಂಬತ್ತು ಬರಲಿಲ್ಲ.

ಸುಜಾತಾ ನನ್ನ ತೋಳು ಬಿಟ್ಟಳು. ಟಾರ್ಚನ್ನು ನನ್ನ ಮುಖಕ್ಕೆ ಹಿಡಿಯಲಿಲ್ಲ, ನನ್ನ ಕಾಲಿಗೆ ಹಿಡಿದಳು. ಅದೇ ಹೆಚ್ಚು ಚುಚ್ಚಿತು.

"ಬಾಲ ಎಳೀತತೆ ಅಂತ ನಾನು ನಿಮಗೆ ಹೇಳಾಕೆ ಸುರು ಮಾಡಿ ಎಷ್ಟು ದಿನ ಆತು ಅಣ್ಣ?"

ನಾನು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡೆ.

"ನನ್ನ ಮಗು ಅದಾಳೆ ಮನಿಯಾಗೆ" ಎಂದಳು. ಕೂಗಲಿಲ್ಲ, ಅಳಲಿಲ್ಲ. "ನೀವು ಅತ್ಲಾಗೆ ನಿಂತ್ಕಳ್ರಿ. ಮೈಲಾರಪ್ಪಾರೆ, ಬರ್ರಿ. ಇಬ್ಬರೇ ತುಂಬಾನು."

"ಒಳಗ ಹೋಗಾಕ ಅಂಜಿಕಿ ಇಲ್ಲೇನವ್ವ?" ಎಂದು ಅವನು ಮೆಲ್ಲಗೆ ಕೇಳಿದ.

"ನಿಮಗೆ?"

"ಅದರ ಎಣಿಕಿ ಮುಗೀತವ್ವ. ಇನ್ನ ಏನೂ ಮಾಡಂಗಿಲ್ಲ."

ಅವರಿಬ್ಬರೇ ಅರವತ್ತು ಪೆಟ್ಟಿಗೆ ಹೇರಿದರು. ಹದಿನೈದು ವರ್ಷ ಅನುಭವದ ಸೂಪರ್‌ವೈಸರ್ ದೂರದಲ್ಲಿ ಕಂಬದ ಹಾಗೆ ನಿಂತಿದ್ದೆ. ಮ್ಯಾನೇಜರನ ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಒಂದು ಗಂಟೆ ತಡವಾಗಿ ವಿಮಾನ ಎದ್ದಿತು. ದೀಪ ಜಾಲಿಯ ಮೇಲೆ ಹಾದು ಸಣ್ಣದಾಗುವವರೆಗೂ ನೋಡಿದೆ. ಸುಖವಾಗಿ ತಲುಪಿತು. ಮರುದಿನ ಬೆಳಿಗ್ಗೆ ಅವಳು ಹರಪನಹಳ್ಳಿಗೆ ಹೋಗಿ ಮಗುವಿಗೆ ಎಣ್ಣೆ ಹಚ್ಚಿದ್ದನ್ನು ಮೈಲಾರಪ್ಪನಿಂದ ಕೇಳಿದೆ. ನನಗೆ ಅವಳು ಹೇಳಲಿಲ್ಲ. ಕೆಲಸದ ಮಾತು ಬಿಟ್ಟರೆ ಮತ್ತೆ ಏನೂ ಹೇಳಲಿಲ್ಲ, ಅಣ್ಣ ಎಂದೂ ಕರೆಯಲಿಲ್ಲ.

ಯಾರೋ ಸ್ಪೀಕರ್ ಇಟ್ಟು ಆಟ ಆಡಿದ್ದಾರೆ ಅನ್ನುವ ಬುದ್ಧಿವಂತರು ಇರುತ್ತಾರೆ. ನಾನೂ ಅದೇ ಜಾತಿಯ ಬುದ್ಧಿವಂತ. ವಿಮಾನ ಮರಳಿ ಬಂದ ದಿನ ನೆಲದ ತಗಡು ಬಿಚ್ಚಿಸಿ ಹುಡುಕಿದ್ದೇನೆ. ಸಿಕ್ಕಿದ್ದು ಒಂದು ಹಿಡಿ ಒಣ ಮೊಗ್ಗು, ಒಂದು ತಿರುಪು. ಎಂಟು ಎಂಬ ಸಂಖ್ಯೆ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ನನ್ನ ಪಕ್ಕದಲ್ಲಿ ತುಟಿ ಬಿಗಿದು ನಿಂತಿದ್ದ. ಇನ್ನೊಬ್ಬ ನಾನು, ಒಂದೇ ದಿನ ಅಂತ ಸುಳ್ಳು ಹೇಳಿದ್ದೆ.

ತಿಂಗಳೊಳಗೆ ಆ ಕೆಲಸ ಬಿಟ್ಟೆ. ಈಗ ದಾವಣಗೆರೆಯಲ್ಲಿ ಒಂದು ಗೋದಾಮು ನೋಡಿಕೊಳ್ಳುತ್ತೇನೆ. ಅಲ್ಲಿ ನೆಲ ಬಿಟ್ಟು ಏನೂ ಏಳುವುದಿಲ್ಲ.

ಅದು ಪೆಟ್ಟಿಗೆ ಎಣಿಸಿದ್ದಕ್ಕೆ ನನಗೆ ಅಷ್ಟು ಭಯವಿಲ್ಲ. ಪೆಟ್ಟಿಗೆ ಯಾರಾದರೂ ಎಣಿಸಬಹುದು. ಅದು ನಾನು ಹೇಳದೆ ಬಚ್ಚಿಟ್ಟದ್ದನ್ನು ಎಣಿಸಿತು.

ಮೊನ್ನೆ ಊಟದ ಹೊತ್ತಿಗೆ ಹೆಂಡತಿ ಸಹಜವಾಗಿ ಕೇಳಿದಳು, "ಯಾಕ್ರಿ, ಆ ಇಮಾನದ ಕೆಲಸ ಚಲೋ ಇತ್ತಲ್ಲ, ಯಾಕ ಬಿಟ್ರಿ?"

ಸಂಬಳ ಸಾಲದು ಅಂತ ಬಿಟ್ಟೆ… ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತುತ್ತು ಹಿಡಿದ ಕೈ ಹಾಗೇ ನಿಂತಿತು. ಹಿಂದಿನ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ನಾನು ಆ ಕಡೆ ಕಿವಿ ಕೊಟ್ಟು ಕೂತೆ. ಅವಳು ಮತ್ತೆ ಕೇಳಿದಳು. ಅವಳಿಗೆ ಇನ್ನೂ ಉತ್ತರ ಹೇಳಿಲ್ಲ.